ಚೊಚ್ಚಲ ಹೆರಿಗೆ ಎಲ್ಲಿ: ಮನೆಯೋ, ಮಿಡ್‌ವೈಫ್ ಕೇಂದ್ರವೋ, ಆಸ್ಪತ್ರೆಯೋ?

ಓದುಗರ ಪ್ರಶ್ನೆ, ಪ್ರಸೂತಿ ತಜ್ಞೆಯ ಉತ್ತರ

ಪ್ರಶ್ನೆ: ಮಾನ್ಯ ಡಾಕ್ಟರ್ ಅವರಿಗೆ ನಮಸ್ಕಾರಗಳು. ನನಗೆ 28 ವರ್ಷ. ವಿಜಯನಗರದಲ್ಲಿ ಪತಿ ಮತ್ತು ಅತ್ತೆಯವರೊಂದಿಗೆ ಇದ್ದೇನೆ. ಇದು ಚೊಚ್ಚಲು, ಈಗ ಏಳನೆಯ ತಿಂಗಳು. ಬಿಪಿ, ಸಕ್ಕರೆ, ಸ್ಕ್ಯಾನಿಂಗ್ ಎಲ್ಲವೂ ಸರಿಯಾಗಿವೆ ಎಂದಿದ್ದಾರೆ. ಎರಡು ವರ್ಷದ ಹಿಂದೆ ನನ್ನ ಅಕ್ಕನಿಗೆ ನೋವು ಶುರುವಾದ ಕೂಡಲೇ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಮಲಗಿಸಿ ಡ್ರಿಪ್ ಹಾಕಿದರು, ಅಮ್ಮನನ್ನು ಕೂಡ ಒಳಗೆ ಬಿಡಲಿಲ್ಲ, ಹತ್ತು ಗಂಟೆಯ ನಂತರ ‘ನಾಲ್ಕು ಸೆಂಟಿಮೀಟರಿಗಿಂತ ಮುಂದೆ ಹೋಗುತ್ತಿಲ್ಲ’ ಎಂದು ಸಿಸೇರಿಯನ್ ಮಾಡಿದರು. ಆ ರಾತ್ರಿಯ ಮಾತು ಬಂದರೆ ಅಕ್ಕ ಇಂದಿಗೂ ಅಳುತ್ತಾಳೆ. ನನಗೆ ಸಹಜ ಹೆರಿಗೆಯಾಗಬೇಕು ಎಂಬ ಆಸೆ. ನಮ್ಮ ಮನೆಯಿಂದ 16 ಕಿ.ಮೀ. ದೂರದಲ್ಲಿ ಮಿಡ್‌ವೈಫ್‌ಗಳೇ (ಹೆರಿಗೆ ಮಾಡಿಸಲು ಕಲಿತ ನರ್ಸ್‌ಗಳು) ನಡೆಸುವ ಒಂದು ಹೆರಿಗೆ ಕೇಂದ್ರವಿದೆ. ಗೆಳತಿಯೊಬ್ಬಳು ಮನೆಯಲ್ಲೇ, ನೀರಿನ ಟಬ್ಬಿನಲ್ಲಿ ಹೆತ್ತು ಸುಖವಾಗಿದ್ದಾಳೆ. ಮಧುಗಿರಿಯ ನಮ್ಮ ಅಜ್ಜಿ ಏಳು ಮಕ್ಕಳನ್ನೂ ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹೆತ್ತವರು. ನನ್ನ ಪತಿ ಮಾತ್ರ ಆಸ್ಪತ್ರೆ ಬಿಟ್ಟು ಬೇರೆ ಯಾವುದಕ್ಕೂ ಸುತರಾಂ ಒಪ್ಪುತ್ತಿಲ್ಲ. ನಾನು ಯಾವುದನ್ನು ಆರಿಸಲಿ?
— ಹೆಸರು ಬೇಡ, ವಿಜಯನಗರ, ಬೆಂಗಳೂರು

ಉತ್ತರ: ಮೊದಲು ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ಬಿಡಿಸುತ್ತೇನೆ. ಚೊಚ್ಚಲ ಹೆರಿಗೆಗೆ ಮನೆ ಬೇಡ. ಮಿಡ್‌ವೈಫ್ ಕೇಂದ್ರವು ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಯ ಒಳಗೋ ಅದರ ಪಕ್ಕದಲ್ಲೋ ಇದ್ದರೆ ನಿಮ್ಮಂಥ ಆರೋಗ್ಯವಂತ ಗರ್ಭಿಣಿಗೆ ಅದು ಬಹಳ ಒಳ್ಳೆಯ ಜಾಗ. ಅಂಥದ್ದು ಸಿಗದಿದ್ದರೆ, ನೋವಿನ ಹೊತ್ತಿನಲ್ಲಿ ನಿಮ್ಮವರನ್ನು ಜೊತೆಗಿರಲು ಬಿಡುವ, ಓಡಾಡಲು ಬಿಡುವ ಆಸ್ಪತ್ರೆಯನ್ನು ಹುಡುಕಿ. ಮನೆಯ ಹೆರಿಗೆ ಬೇಡ ಎನ್ನುವುದರಲ್ಲಿ ನಿಮ್ಮ ಪತಿಯವರ ಮಾತು ಸರಿ. ಅಕ್ಕನಿಗೆ ಆದದ್ದು ನಿಮಗೆ ಆಗಬಾರದು ಎನ್ನುವುದರಲ್ಲಿ ನಿಮ್ಮ ಮಾತು ಸರಿ. ಎರಡನ್ನೂ ಉಳಿಸಿಕೊಳ್ಳಲು ಸಾಧ್ಯವಿದೆ.

ನಿಮ್ಮ ಅಕ್ಕನ ಕೇಸ್ ಶೀಟ್ ನೋಡದೆ ಆ ಸಿಸೇರಿಯನ್ ಬೇಕಿತ್ತೋ ಬೇಡವಿತ್ತೋ ಎಂದು ನಾನು ತೀರ್ಪು ಕೊಡುವುದು ತಪ್ಪಾಗುತ್ತದೆ. ಆದರೆ ನೀವು ಬರೆದಿರುವ ಒಂದು ಅಂಕಿಯ ಬಗ್ಗೆ ಹೇಳಲೇಬೇಕು. ನಾವು ಓದುವ ಕಾಲದಲ್ಲಿ ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು, ಇಲ್ಲದಿದ್ದರೆ ಹೆರಿಗೆ ‘ನಿಂತಿದೆ’ ಎಂದು ಕಲಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಆ ಲೆಕ್ಕವನ್ನು ಕೈಬಿಟ್ಟಿತು. ನಿಜವಾದ ಹೆರಿಗೆ ನೋವಿನ ಹಂತ ಆರಂಭವಾಗುವುದೇ ಐದು ಸೆಂಟಿಮೀಟರಿನಿಂದ, ಅಲ್ಲಿಂದ ಮುಂದೆ ಚೊಚ್ಚಲ ಗರ್ಭಿಣಿಗೆ ಹನ್ನೆರಡು ಗಂಟೆಯವರೆಗೆ ಹಿಡಿದರೂ ಅದು ಸಹಜವೇ, ತಾಯಿ ಮಗು ಚೆನ್ನಾಗಿರುವಾಗ ನಿಧಾನವೊಂದನ್ನೇ ಕಾರಣ ಮಾಡಿಕೊಂಡು ಕೈ ಹಾಕಬಾರದು ಎಂದು ಅದು ಹೇಳುತ್ತದೆ. ನಾಲ್ಕು ಸೆಂಟಿಮೀಟರಿನಲ್ಲಿದ್ದವಳನ್ನು ಮಲಗಿಸಿ ಡ್ರಿಪ್ ಏರಿಸುತ್ತಾ ಹೋಗುವ ಕೆಲಸವನ್ನು ನಾನೂ ನನ್ನ ಮೊದಲ ವರ್ಷಗಳಲ್ಲಿ ಮಾಡಿದ್ದೇನೆ. ನಾನು ತರಬೇತಿ ಪಡೆದ ಆಸ್ಪತ್ರೆಯಲ್ಲಿ ಸಾಲಾಗಿ ಹಾಕಿದ ಕಬ್ಬಿಣದ ಮಂಚಗಳ ಮೇಲೆ ಹೆಂಗಸರು ಅಂಗಾತ ಮಲಗಿರುತ್ತಿದ್ದರು. ಅವರ ಅಮ್ಮಂದಿರು ಬಾಗಿಲಾಚೆ ಫ್ಲಾಸ್ಕ್ ಹಿಡಿದು ನಿಂತಿರುತ್ತಿದ್ದರು. ಆ ಬಾಗಿಲನ್ನು ತೆರೆಯಬಹುದಿತ್ತು ಎಂಬ ಯೋಚನೆಯೇ ನಮಗೆ ಬರಲಿಲ್ಲ. ಅದಕ್ಕಾಗಿ ನನಗೆ ಇಂದಿಗೂ ವ್ಯಥೆಯಿದೆ.

ನಿಮ್ಮ ಭಯಕ್ಕೆ ಆಧಾರವಿಲ್ಲದೆ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 14.3ರಷ್ಟು ಸಿಸೇರಿಯನ್ ಆಗಿದ್ದರೆ, ಖಾಸಗಿ ಆಸ್ಪತ್ರೆಗಳಲ್ಲಿ ಅದು ಶೇ. 47.4ರಷ್ಟಿತ್ತು. ಒಂದು ಸಮಾಜದಲ್ಲಿ ಸಿಸೇರಿಯನ್ ಪ್ರಮಾಣ ಶೇ. 10ನ್ನು ದಾಟಿದ ಮೇಲೆ ಅದರಿಂದ ತಾಯಿ-ಮಗುವಿನ ಸಾವು ಇನ್ನಷ್ಟು ಕಡಿಮೆಯಾಗುವುದು ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಖಾಸಗಿ ಆಸ್ಪತ್ರೆಗೆ ಬರುವ ಹೆಣ್ಣುಮಕ್ಕಳ ಸೊಂಟ ಸರ್ಕಾರಿ ಆಸ್ಪತ್ರೆಗೆ ಹೋಗುವವರದಕ್ಕಿಂತ ಬೇರೆಯಾಗಿರುವುದಿಲ್ಲ. ಕಾಯುವುದಕ್ಕೆ ಮನುಷ್ಯರು ಬೇಕು, ರಾತ್ರಿಯಿಡೀ ಎಚ್ಚರವಾಗಿರುವವರು ಬೇಕು. ಒಬ್ಬ ವೈದ್ಯರು ಹೊರರೋಗಿ ವಿಭಾಗವನ್ನೂ ನೋಡಿಕೊಂಡು, ಇನ್ನೆರಡು ನರ್ಸಿಂಗ್ ಹೋಮ್‌ಗಳಿಗೂ ಹೋಗಿಬರುವ ವ್ಯವಸ್ಥೆಯಲ್ಲಿ ಆ ಕಾಯುವಿಕೆಗೆ ಜಾಗವೇ ಇಲ್ಲ.

ಮಿಡ್‌ವೈಫ್ ಮಾಡುವುದು ಆ ಕಾಯುವ ಕೆಲಸವನ್ನೇ. ನಾನು ಒಬ್ಬ ಮಿಡ್‌ವೈಫ್ ಜೊತೆ ಕೆಲಸ ಮಾಡಿದ ಮೊದಲ ರಾತ್ರಿಯನ್ನು ಹೇಳುತ್ತೇನೆ. ಚೊಚ್ಚಲ ಗರ್ಭಿಣಿಯೊಬ್ಬಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಬೇನೆ ಬಂದಾಗಲೆಲ್ಲ ಆಕೆ ಮುಂದಕ್ಕೆ ಬಾಗುವಳು. ಮಿಡ್‌ವೈಫ್ ತನ್ನ ಅಂಗೈಯ ಬುಡವನ್ನು ಅವಳ ಬೆನ್ನಿನ ಕೆಳಗೆ, ಸೊಂಟದ ಮೂಳೆ ಕೂಡುವ ಜಾಗದಲ್ಲಿ ಒತ್ತಿ ಹಿಡಿಯುವಳು, ಬೇನೆ ಇಳಿದೊಡನೆ ಬಿಡುವಳು, ಎರಡು ಗುಟುಕು ನೀರು ಕುಡಿಸುವಳು, ಸಣ್ಣ ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಎಣಿಸಿ ಬರೆದಿಡುವಳು. ನಾಲ್ಕೂವರೆ ಗಂಟೆ ಇಷ್ಟೇ ನಡೆಯಿತು. ನೋಡಿದವರಿಗೆ ಏನೂ ಮಾಡಲಿಲ್ಲ ಎನಿಸಬಹುದು. ಆದರೆ ಎದ್ದು ನಿಂತು ಓಡಾಡುವವರಲ್ಲಿ ಹೆರಿಗೆಯ ಮೊದಲ ಹಂತ ಸರಾಸರಿ ಒಂದು ಗಂಟೆಗೂ ಹೆಚ್ಚು ಮೊಟಕಾಗುತ್ತದೆ ಎಂದು, ಜೊತೆಯಲ್ಲಿ ಒಬ್ಬರು ಬಿಡದೆ ಇದ್ದರೆ ಸಿಸೇರಿಯನ್ ಸಾಧ್ಯತೆ ಕಡಿಮೆಯಾಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ತೋರಿಸಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಂದು ಬೆಂಗಳೂರಿನಲ್ಲಿ ಮಿಡ್‌ವೈಫ್, ಡೌಲಾ, ಹೆರಿಗೆ ತರಬೇತುದಾರರು ಎಂಬ ಹೆಸರುಗಳು ಒಂದರೊಳಗೊಂದು ಕಲಸಿಹೋಗಿವೆ. ಡೌಲಾ ಜೊತೆಗಿದ್ದು ಧೈರ್ಯ ಹೇಳುವವರು, ಬೆನ್ನು ನೀವುವವರು. ಅವರು ಹೆರಿಗೆ ಮಾಡಿಸುವಂತಿಲ್ಲ. ಮಿಡ್‌ವೈಫ್ ಎಂದರೆ ನರ್ಸಿಂಗ್ ಮತ್ತು ಪ್ರಸೂತಿ ಕಲಿತು ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಪಡೆದವರು. ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಹೀಗೆ ನೋಂದಣಿಯಾದ ನರ್ಸ್‌ಗಳಿಗೆ ಇನ್ನೂ 18 ತಿಂಗಳ ವಿಶೇಷ ತರಬೇತಿ ಕೊಟ್ಟು, ಹೆಚ್ಚು ಹೆರಿಗೆಗಳಾಗುವ ಸರ್ಕಾರಿ ಆಸ್ಪತ್ರೆಗಳ ಒಳಗೇ ಮಿಡ್‌ವೈಫ್‌ಗಳ ಘಟಕಗಳನ್ನು ತೆರೆಯಬೇಕೆಂದು ಹೇಳಿದೆ. ‘ಆಸ್ಪತ್ರೆಗಳ ಒಳಗೇ’ ಎಂಬುದನ್ನು ದಯವಿಟ್ಟು ಗಮನಿಸಿ. ನೀವು ಹೋಗುವ ಕೇಂದ್ರದಲ್ಲಿ ನೋಂದಣಿ ಸಂಖ್ಯೆ ಕೇಳಲು ಸಂಕೋಚಪಡಬೇಡಿ.

ಇನ್ನು ಮನೆಯ ಹೆರಿಗೆ. ಸೂಲಗಿತ್ತಿಯರ ಬಗ್ಗೆ ನನಗೆ ಅಪಾರ ಗೌರವವಿದೆ. ನಿಮ್ಮ ಅಜ್ಜಿಯ ಸೀಮೆಯವರೇ ಆದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಒಂದು ಕಾಸೂ ಪಡೆಯದೆ ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂದಿತು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಆಸ್ಪತ್ರೆಯೇ ಇಲ್ಲದ ಊರುಗಳಲ್ಲಿ ಅಂಥವರ ಕೈಯೇ ದೇವರ ಕೈ. ಆದರೆ ನಿಮ್ಮ ಅಜ್ಜಿಯವರ ಬಳಿ ಒಂದು ಸಂಜೆ ಕೂತು, ಅವರ ಓರಗೆಯ ಹೆಂಗಸರಲ್ಲಿ ಹೆರಿಗೆಯಲ್ಲಿ ತೀರಿಕೊಂಡವರು ಯಾರು, ಹುಟ್ಟಿದ ದಿನವೇ ಹೋದ ಕೂಸುಗಳೆಷ್ಟು ಎಂದು ಮೆಲ್ಲಗೆ ಕೇಳಿ. ಆ ಕಾಲದ ಅಜ್ಜಿಯರು ಹೆರಿಗೆಯನ್ನು ಮರುಹುಟ್ಟು ಎಂದು ಕರೆದದ್ದು ಸುಮ್ಮನೆ ಅಲ್ಲ.

ಮನೆಯ ಹೆರಿಗೆಯ ಬಗ್ಗೆ ನಂಬಬಹುದಾದ ದೊಡ್ಡ ಅಧ್ಯಯನ ಇಂಗ್ಲೆಂಡಿನದು. ಯಾವ ತೊಡಕೂ ಇಲ್ಲದ 64,538 ಗರ್ಭಿಣಿಯರನ್ನು ಅನುಸರಿಸಿ ಅದರ ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಎರಡನೆಯ, ಮೂರನೆಯ ಹೆರಿಗೆಯವರಿಗೆ ಮನೆಗೂ ಆಸ್ಪತ್ರೆಗೂ ಮಗುವಿನ ಕ್ಷೇಮದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲಿನವರಲ್ಲಿ ಮಾತ್ರ ಮಗುವಿನ ಸಾವು ಅಥವಾ ಗಂಭೀರ ತೊಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದರೆ ಮನೆಯಲ್ಲಿ 9.3 ಇತ್ತು. ಮಿಡ್‌ವೈಫ್ ಕೇಂದ್ರಗಳನ್ನು ಆರಿಸಿಕೊಂಡವರಲ್ಲಿ ಚೊಚ್ಚಲಿನವರಿಗೂ ಅಪಾಯ ಹೆಚ್ಚಾಗಲಿಲ್ಲ. ಸಿಸೇರಿಯನ್ ಮತ್ತು ಇತರ ಹಸ್ತಕ್ಷೇಪಗಳು ಮಾತ್ರ ಕಡಿಮೆಯಾದವು. ನಿಮಗೆ ಮನೆ ಬೇಡ, ಕೇಂದ್ರವಾದರೆ ಆಗಬಹುದು ಎಂದು ನಾನು ಹೇಳಿದ್ದು ಇದರ ಆಧಾರದ ಮೇಲೆ. ಅದು ಕೂಡ ಮನೆಗೆ ಬರುವ ಮಿಡ್‌ವೈಫ್‌ಗಳು ಸರ್ಕಾರಿ ಆರೋಗ್ಯ ಸೇವೆಯ ಭಾಗವೇ ಆಗಿರುವ, ಅವರು ಕರೆ ಮಾಡಿದರೆ ಆಸ್ಪತ್ರೆ ಪ್ರಶ್ನೆ ಕೇಳದೆ ಬಾಗಿಲು ತೆರೆಯುವ ದೇಶದ ಕಥೆ. ನಮ್ಮಲ್ಲಿ ಅಂಥ ಕೊಂಡಿ ಇಲ್ಲ. ಮನೆಯಲ್ಲಿ ತೊಡಕಾಗಿ ಬಂದವರನ್ನು ‘ನಮ್ಮಲ್ಲಿ ಹೆಸರು ಬರೆಸಿಲ್ಲ, ಬೇರೆ ಕಡೆ ನೋಡಿ’ ಎಂದು ಕಳುಹಿಸಿದ ಘಟನೆಗಳನ್ನು ನಾನೇ ಕಂಡಿದ್ದೇನೆ.

ನನ್ನ ನಿಜವಾದ ಹೆದರಿಕೆ ರಕ್ತಸ್ರಾವದ್ದು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಿ ಮುಷ್ಟಿಯಂತೆ ಕುಗ್ಗಿ ಆ ರಕ್ತನಾಳಗಳನ್ನು ಹಿಸುಕಿ ಮುಚ್ಚಬೇಕು. ಅದು ಕುಗ್ಗದೆ ಮೆತ್ತಗೆ ಉಳಿದರೆ ಹೆರಿಗೆ ಎಷ್ಟೇ ಸುಸೂತ್ರವಾಗಿದ್ದರೂ ತಾಯಿ ಕಣ್ಣೆದುರೇ ಬಿಳಿಚಿಕೊಳ್ಳುತ್ತಾಳೆ. ಇದು ಯಾರಿಗೆ ಆಗುತ್ತದೆಂದು ಮೊದಲೇ ಹೇಳಲು ಬಾರದು. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಎಎನ್‌ಎಂಗಳು (ಹಳ್ಳಿಯ ಆರೋಗ್ಯ ಸಹಾಯಕಿಯರು) ಮಾಡಿಸಿದ ಹೆರಿಗೆಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. 1,620 ತಾಯಂದಿರು ಅದರಲ್ಲಿದ್ದರು. ಔಷಧಿಯಿಲ್ಲದ ಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋಯಿತು. ಗರ್ಭಕೋಶವನ್ನು ಕುಗ್ಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. ಎಂದರೆ ಔಷಧಿ ಬಹಳ ಮಟ್ಟಿಗೆ ಕಾಪಾಡುತ್ತದೆ, ಆದರೆ ಎಲ್ಲರನ್ನೂ ಅಲ್ಲ. ಉಳಿದವರಿಗೆ ರಕ್ತ ಬೇಕಾಗಬಹುದು, ಥಿಯೇಟರ್ ಬೇಕಾಗಬಹುದು. ಹತ್ತಿರದ ಆಸ್ಪತ್ರೆ ತಲುಪುವ ಹೊತ್ತಿಗೆ ಉಸಿರಿರಬೇಕಲ್ಲ. ನಿಮ್ಮ ಗೆಳತಿ ಸುಖವಾಗಿರುವುದು ನನಗೆ ಸಂತೋಷವೇ. ಹೆಚ್ಚಿನವರು ಸುಖವಾಗಿಯೇ ಇರುತ್ತಾರೆ. ನಾನು ಯೋಚಿಸುವುದು ಉಳಿದವರ ಬಗ್ಗೆ.

ಈಗ ನೀವು ನೋಡಿಟ್ಟಿರುವ ಕೇಂದ್ರಕ್ಕೆ ಬರೋಣ. ಅದು ಒಳ್ಳೆಯದಿರಬಹುದು. ಆದರೆ ಅದರ ಗೋಡೆಯ ಬಣ್ಣ, ಟಬ್ಬು, ಮಂದ ದೀಪಗಳನ್ನು ನೋಡುವ ಮೊದಲು ಅವರ ಫ್ರಿಜ್ ತೋರಿಸಲು ಹೇಳಿ. ರಕ್ತ ನಿಲ್ಲಿಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಎರಡರಿಂದ ಎಂಟು ಡಿಗ್ರಿಯೊಳಗೆ ಇಡಬೇಕು. ಹೊರಗಿಟ್ಟರೆ ಅದು ಬರೀ ನೀರಾಗುತ್ತಾ ಹೋಗುತ್ತದೆ. ಹೆರಿಗೆಯಾದ ತಕ್ಷಣ ತೊಡೆಗೆ ಹತ್ತು ಯೂನಿಟ್ ಕೊಡುವುದು ಅವರ ರೂಢಿಯೇ ಎಂದು ಕೇಳಿ. ರಕ್ತವನ್ನು ಕಣ್ಣಂದಾಜಿನಲ್ಲಿ ನೋಡುತ್ತಾರೋ, ತಾಯಿಯ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲ ಹಾಸಿ ಅಳೆಯುತ್ತಾರೋ ಎಂದು ಕೇಳಿ. ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಅಳೆದು, ಮಿತಿ ದಾಟಿದೊಡನೆ ಎಲ್ಲ ಚಿಕಿತ್ಸೆಗಳನ್ನು ಒಟ್ಟಿಗೆ ಆರಂಭಿಸಿದ್ದರಿಂದ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ಶೇ. 60ರಷ್ಟು ತಗ್ಗಿತು. ಆ ಕೆಲಸ ಒಂದು ಚೀಲದಿಂದ ಆರಂಭವಾಗುತ್ತದೆ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಚೊಚ್ಚಲಿನವರಲ್ಲಿ ಎಷ್ಟು ಮಂದಿಯನ್ನು ನೀವು ಆಸ್ಪತ್ರೆಗೆ ಕಳುಹಿಸುತ್ತೀರಿ ಎಂಬುದು. ನಾನು ಮೇಲೆ ಹೇಳಿದ ಇಂಗ್ಲೆಂಡಿನ ಅಧ್ಯಯನದಲ್ಲಿ, ಆಸ್ಪತ್ರೆಯಿಂದ ಪ್ರತ್ಯೇಕವಾಗಿದ್ದ ಮಿಡ್‌ವೈಫ್ ಕೇಂದ್ರಗಳಲ್ಲಿ ಹೆರಿಗೆಗೆ ತಯಾರಾದ ಚೊಚ್ಚಲಿನವರಲ್ಲಿ ನೂರಕ್ಕೆ 36 ಮಂದಿಯನ್ನು, ಮನೆಯಿಂದ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಬಹುಪಾಲು ಗಾಬರಿಯ ಕಾರಣಕ್ಕಲ್ಲ. ಹೆರಿಗೆ ನಿಧಾನವಾಯಿತೆಂದೋ ನೋವಿಗೆ ಎಪಿಡ್ಯೂರಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಬೇಕೆಂದೋ. ಆದ್ದರಿಂದ ‘ನಾವು ಯಾರನ್ನೂ ಕಳುಹಿಸುವುದೇ ಇಲ್ಲ’ ಎಂದು ಒಂದು ಕೇಂದ್ರದವರು ಹೆಮ್ಮೆಯಿಂದ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಯಾವ ಆಸ್ಪತ್ರೆಗೆ, ಯಾವ ವೈದ್ಯರ ಬಳಿಗೆ, ಯಾವ ವಾಹನದಲ್ಲಿ ಕರೆದೊಯ್ಯುತ್ತಾರೆ, ಮಿಡ್‌ವೈಫ್ ಜೊತೆಗೆ ಬರುತ್ತಾರೋ ಇಲ್ಲವೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಆಮೇಲೆ ಒಂದು ವಾರದ ದಿನ ಸಂಜೆ ಆರೂವರೆಗೆ, ನಿಮ್ಮ ಪತಿಯವರು ಆ ಕೇಂದ್ರದ ಗೇಟಿನಿಂದ ಆ ಆಸ್ಪತ್ರೆಯ ಗೇಟಿನವರೆಗೆ ಒಮ್ಮೆ ಗಾಡಿ ಓಡಿಸಿ ಗಡಿಯಾರ ನೋಡಲಿ. ಹತ್ತು-ಹದಿನೈದು ನಿಮಿಷದೊಳಗೆ ತಲುಪಿದರೆ ಅವರೇ ನಿಮ್ಮ ಪರವಾಗಿ ಮಾತನಾಡಿಯಾರು. ಮುಕ್ಕಾಲು ಗಂಟೆಯಾದರೆ ನಾನು ಆ ಕೇಂದ್ರವನ್ನು ಬಿಡಿ ಎನ್ನುತ್ತೇನೆ. ಮನೆಯಿಂದ 16 ಕಿ.ಮೀ. ದೂರವನ್ನು ನೋವು ಶುರುವಾದ ಮೇಲೆ ನಿಧಾನವಾಗಿ ಕ್ರಮಿಸಬಹುದು. ಕೇಂದ್ರಕ್ಕೂ ಥಿಯೇಟರಿಗೂ ನಡುವಿನ ದೂರವೇ ಲೆಕ್ಕಕ್ಕೆ ಬರುವುದು.

ಆಸ್ಪತ್ರೆಯನ್ನು ಆರಿಸಿದರೂ ಪ್ರಶ್ನೆಗಳು ತಪ್ಪಿದ್ದಲ್ಲ. ನಿಮ್ಮಂಥ ಚೊಚ್ಚಲಿನವರಲ್ಲಿ ಸಿಸೇರಿಯನ್ ಎಷ್ಟು, ನೋವಿನಲ್ಲಿ ಊಟ ನೀರು ಕೊಡುತ್ತೀರಾ, ಹೆರಿಗೆಯ ದಾರಿಯನ್ನು ಎಲ್ಲರಿಗೂ ಹೊಲಿಗೆ ಬೀಳುವಂತೆ ಕತ್ತರಿಸುತ್ತೀರಾ, ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ಕಾದು ಕತ್ತರಿಸುತ್ತೀರಾ, ನನ್ನ ಅಮ್ಮ ಅಥವಾ ಪತಿ ಕೊನೆಯವರೆಗೂ ಜೊತೆಗಿರಬಹುದೇ ಎಂದು ಮುಂದಿನ ತಪಾಸಣೆಯಲ್ಲೇ ಕೇಳಿ. ಈ ಪ್ರಶ್ನೆಗಳಿಗೆ ಸಿಡುಕುವ ವೈದ್ಯರು ರಾತ್ರಿ ಎರಡು ಗಂಟೆಗೆ ಇನ್ನಷ್ಟು ಸಿಡುಕುತ್ತಾರೆ.

ಅಕ್ಕನಿಗೆ ಆದಂತೆ ಆಗದಿರಲು ನಿಮ್ಮ ಕೈಯಲ್ಲಿರುವ ದೊಡ್ಡ ಉಪಾಯವೆಂದರೆ ತೀರಾ ಬೇಗ ಹೋಗಿ ಸೇರಿಕೊಳ್ಳದಿರುವುದು. ಐದೈದು ನಿಮಿಷಕ್ಕೆ, ಒಂದು ನಿಮಿಷದಷ್ಟು ಹೊತ್ತು, ಮಾತನಾಡಲಾಗದಷ್ಟು ಬಿಗಿಯಾಗಿ ಬೇನೆ ಒಂದು ಗಂಟೆ ಕಾಲ ಬರುವವರೆಗೆ ಮನೆಯಲ್ಲೇ ಇರಿ, ಬಿಸಿನೀರು ಹುಯ್ದುಕೊಳ್ಳಿ, ಅತ್ತೆಯವರ ಕೈಯ ಗಂಜಿ ಕುಡಿಯಿರಿ. ಆದರೆ ರಕ್ತ ಕಂಡರೆ, ನೀರು ಒಡೆದು ಹಸಿರು ಬಣ್ಣವಿದ್ದರೆ, ಮಗುವಿನ ಓಡಾಟ ಕಡಿಮೆಯೆನಿಸಿದರೆ, ಕಣ್ಣು ಮಂಜಾಗಿ ತಲೆ ಸಿಡಿದರೆ ಆ ಕ್ಷಣವೇ ಹೊರಡಿ. ಇನ್ನೂ ಎರಡು ತಿಂಗಳಿವೆ. ಅಷ್ಟರಲ್ಲಿ ಬಿಪಿ ಏರಿದರೆ, ಮಗು ಅಡ್ಡವೋ ಕುಂಡೆ ಕೆಳಗಾಗಿಯೋ ಉಳಿದರೆ, ಮಗುವಿನ ಬೆಳವಣಿಗೆ ಕುಂಠಿತವಾದರೆ ಮಿಡ್‌ವೈಫ್ ಕೇಂದ್ರದ ಮಾತನ್ನು ಕೈಬಿಟ್ಟು ಆಸ್ಪತ್ರೆಗೆ ಬನ್ನಿ. ಸಿಸೇರಿಯನ್ ಬೇಕಾಗಿಯೇ ಬಂದರೆ ಅದನ್ನು ನಿಮ್ಮ ಸೋಲೆಂದು ಯಾರೂ ಹೇಳದಂತೆ ಮನೆಯವರಿಗೆ ಈಗಲೇ ತಿಳಿಸಿಡಿ. ಅಕ್ಕನಿಗೂ ಅದನ್ನೇ ಹೇಳಿ.

ಪ್ರಶ್ನೆ: ನನ್ನ ಮೊದಲ ಹೆರಿಗೆ ಸಿಸೇರಿಯನ್. ಈಗ ಮೂರು ವರ್ಷದ ನಂತರ ಮತ್ತೆ ಗರ್ಭಿಣಿ. ಈ ಬಾರಿ ಮಿಡ್‌ವೈಫ್ ಕೇಂದ್ರದಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ?
— ಒಬ್ಬ ಓದುಗರು, ಯಶವಂತಪುರ

ಉತ್ತರ: ಸಹಜ ಹೆರಿಗೆಗೆ ಪ್ರಯತ್ನಿಸಿ, ಆದರೆ ಪ್ರತ್ಯೇಕ ಕೇಂದ್ರದಲ್ಲಿ ಬೇಡ. ಹಿಂದಿನ ಹೊಲಿಗೆ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡವಾಗಿದ್ದರೆ, ಪ್ರಯತ್ನಿಸಿದ ನಾಲ್ವರಲ್ಲಿ ಸುಮಾರು ಮೂವರಿಗೆ ಸಹಜವಾಗಿಯೇ ಆಗುತ್ತದೆ. ಹೊಲಿಗೆ ಬಿಡುವ ಅಪಾಯ ಸುಮಾರು ಇನ್ನೂರರಲ್ಲಿ ಒಬ್ಬರಿಗೆ. ಅದು ಬಿಟ್ಟರೆ ನಿಮಿಷಗಳಲ್ಲಿ ಥಿಯೇಟರಿಗೆ ಹೋಗಬೇಕು. ಹಗಲಿರುಳೂ ಅರಿವಳಿಕೆ ತಜ್ಞರು ಕಟ್ಟಡದಲ್ಲೇ ಇರುವ, ರಕ್ತ ಕೈಗೆಟುಕುವ ಆಸ್ಪತ್ರೆಯನ್ನು ಆರಿಸಿ, ಅಲ್ಲಿ ಜೊತೆಗಿರಲು ಮಿಡ್‌ವೈಫ್ ಸಿಕ್ಕರೆ ಕೇಳಿ ಪಡೆಯಿರಿ. ಮೊದಲ ಸಿಸೇರಿಯನ್ನಿನ ಡಿಸ್ಚಾರ್ಜ್ ಸಾರಾಂಶವನ್ನು ಹುಡುಕಿಟ್ಟುಕೊಳ್ಳಿ. ಹೊಲಿಗೆ ಯಾವ ರೀತಿಯದೆಂದು ಹೊಟ್ಟೆಯ ಮೇಲಿನ ಗುರುತು ಹೇಳುವುದಿಲ್ಲ, ಆ ಕಾಗದ ಹೇಳುತ್ತದೆ.

ಪ್ರಶ್ನೆ: ಅಮ್ಮಾ, ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಹೆರಿಗೆ ಕೇಂದ್ರಗಳು ಕೇಳುವ ಹಣ ನಮ್ಮ ಕೈಗೆಟುಕುವುದಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಲು ಭಯ. ನಮ್ಮಂಥವರಿಗೆ ಆಯ್ಕೆ ಎಂಬುದು ಇದೆಯೇ?
— ಹೆಸರು ಬೇಡ, ಪೀಣ್ಯ

ಉತ್ತರ: ಇದೆ, ತಾಯಿ. ನಿಮ್ಮ ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಕಡಿತವಾಗುತ್ತಿದ್ದರೆ ಪೀಣ್ಯದ ಮತ್ತು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗಳು ನಿಮ್ಮವೇ. ಅಗತ್ಯವಿರುವಷ್ಟು ದಿನದ ವಂತಿಗೆ ಕಟ್ಟಿದ್ದರೆ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಸಂಬಳ ಸಹಿತ ರಜೆಯೂ ಇದೆ. ಇಲ್ಲದಿದ್ದರೂ, 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಕೆ.ಆರ್. ಮಾರುಕಟ್ಟೆಯ ಬಳಿ 1935ರಿಂದ ನಡೆಯುತ್ತಿರುವ ವಾಣಿ ವಿಲಾಸ ಆಸ್ಪತ್ರೆಯಂಥ ಕಡೆ ಜನ ಬಹಳ, ಹಾಸಿಗೆಗೆ ಕಾಯಬೇಕು. ಆದರೆ ತೊಡಕಾದರೆ ಬೇಕಾದ ವೈದ್ಯರು, ಥಿಯೇಟರ್, ಮಗುವಿನ ಆರೈಕೆ ಘಟಕ ಎಲ್ಲವೂ ಅದೇ ಆವರಣದಲ್ಲಿರುತ್ತವೆ. ಲಕ್ಷ ಕೊಟ್ಟು ಹೋಗುವ ಎಷ್ಟೋ ಜಾಗಗಳಲ್ಲಿ ಅದಿಲ್ಲ. ಹೆರಿಗೆಯ ಹೊತ್ತಿನಲ್ಲಿ ಜೊತೆಗೊಬ್ಬರನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ತಿಳಿಸಿದೆ. ಹೆತ್ತು ಅನುಭವವಿರುವ ಹೆಂಗಸರಾದರೆ ಒಳ್ಳೆಯದು. ನಿಮ್ಮ ಅಮ್ಮನನ್ನೋ ಅತ್ತೆಯನ್ನೋ ಎಂಟನೆಯ ತಿಂಗಳಲ್ಲೇ ಒಮ್ಮೆ ಕರೆದುಕೊಂಡು ಹೋಗಿ, ಲೇಬರ್ ವಾರ್ಡಿನ ಸಿಸ್ಟರ್‌ಗೆ ತಾಯಿ ಕಾರ್ಡ್ ತೋರಿಸಿ, ‘ನೋವಿನ ದಿನ ಇವರು ನನ್ನ ಜೊತೆ ಇರುತ್ತಾರೆ’ ಎಂದು ಹೇಳಿ ಪರಿಚಯ ಮಾಡಿಸಿ ಬನ್ನಿ. ಹೊರಡುವ ದಿನ 108ಕ್ಕೆ ಕರೆ ಮಾಡಿ. ಕಾರ್ಡು, ಆಧಾರ್, ಹಳೆಯ ಸ್ಕ್ಯಾನಿಂಗ್ ವರದಿ, ಎರಡು ಹಳೆಯ ಮೆತ್ತನೆಯ ಹತ್ತಿ ಸೀರೆ ಒಂದೇ ಚೀಲದಲ್ಲಿರಲಿ.